ಮಂಗನ ಕಾಯಿಲೆ ಒಂದೇ ಊರಿನ ಕೆಲವರಿಗೇ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮದು ಸಾಗರದ ಕಡೆಯ ಹಳ್ಳಿ. ನಮ್ಮಲ್ಲಿ ಮಂಗನ ಕಾಯಿಲೆ ಬಂದವರೆಲ್ಲ ತೋಟ, ಬೆಟ್ಟದ ಕೆಲಸಕ್ಕೆ ಹೋಗುವವರು. ಅಂಗಡಿ ನಡೆಸುವ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ. ಅವರ ಮೈಯಲ್ಲಿ ಶಕ್ತಿ ಕಡಿಮೆಯಾ?

ಉತ್ತರ: ಖಂಡಿತ ಅಲ್ಲ. ಅವರು ಮಾಡುವ ಕೆಲಸ ಅವರನ್ನು ಈ ಕಾಯಿಲೆ ಹರಡುವ ಉಣುಗಿನ, ಅಂದರೆ ರಕ್ತ ಹೀರುವ ಸಣ್ಣ ಹುಳದ, ಹತ್ತಿರ ಕರೆದೊಯ್ಯುತ್ತದೆ, ಅಷ್ಟೇ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗನ ಕಾಯಿಲೆ ತರುವ ವೈರಸ್ ಸಿಕ್ಕಿದ್ದು ಆಗಲೇ. ಅದನ್ನು ಮನುಷ್ಯರಿಗೆ ಮುಟ್ಟಿಸುವುದು ಹೆಚ್ಚಾಗಿ ಮರಿ ಉಣುಗು. ಸಾಸಿವೆ ಕಾಳಿನಷ್ಟೂ ಇರುವುದಿಲ್ಲ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಈ ಮರಿಗಳ ಕಾಲ ಡಿಸೆಂಬರ್‌ನಿಂದ ಮೇ. ಮಲೆನಾಡಿನಲ್ಲಿ ಆಗ ಏನು ಕೆಲಸ ನಡೆಯುತ್ತದೆ ನೋಡಿ. ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ದರಕು (ಕೊಟ್ಟಿಗೆಗೆ ಹಾಸುವ ಒಣ ಎಲೆ) ಗುಡಿಸುವುದು, ಮಳೆಗೆ ಮೊದಲು ಸೌದೆ ಕೂಡಿಡುವುದು, ದನ ಮೇಯಿಸುವುದು. ದರಕು ಗುಡಿಸುವವರು, ಅದರಲ್ಲೂ ಹೆಂಗಸರು, ಬಗ್ಗಿ ಎರಡೂ ಕೈಯಿಂದ ಬಾಚಿ, ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ಉಣುಗು ಕಾದಿರುವುದು ಆ ಒಣ ಎಲೆಯಲ್ಲೇ. ದರಕಿನ ಜೊತೆ ಅದು ಕೊಟ್ಟಿಗೆಗೂ ಬರಬಹುದು. ಹಾಗಾಗಿ ಬೆಟ್ಟ ಹತ್ತದವರೂ ಪೂರ್ತಿ ಸುರಕ್ಷಿತರಲ್ಲ.

ಪರಿಸರದ ಪಾತ್ರವೂ ದೊಡ್ಡದು. ಕಾಡು ಕಡಿದು ತೋಟ, ಊರು ಒಳಗೆ ಹೋದಂತೆ ದನಗಳೂ ಅಲ್ಲೇ ಮೇಯುತ್ತವೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ಅದರ ರಕ್ತ ಕುಡಿದೇ ಮೊಟ್ಟೆಯಿಡುತ್ತವೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ಉದುರುತ್ತವೆ. 2012ರಲ್ಲಿ ಬಂಡೀಪುರದಲ್ಲಿ ಕಾಯಿಲೆ ಬಿದ್ದವರು ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದವರು. ಗೋವಾದಲ್ಲಿ ಗೇರು ತೋಟದ ಕೂಲಿಗಳಿಗೆ ಬಂತು.

ಕಾಡಿಗೆ ಹೋಗಬೇಡಿ ಅಂತ ಸುಮ್ನೆ ಹೇಳಿದರೆ ಪ್ರಯೋಜನವಿಲ್ಲ. ದರಕಿಲ್ಲದೆ ಕೊಟ್ಟಿಗೆಯೂ ಇಲ್ಲ, ತೋಟಕ್ಕೆ ಗೊಬ್ಬರವೂ ಇಲ್ಲ, ಅಲ್ವಾ? ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲವೆಂದು ನಿಲ್ಲಿಸಿದ್ದಾರೆ. ಹಾಗಾಗಿ ಹೋಗುವ ಮೊದಲು ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ತುಂಬುತೋಳಿನ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಾಯಿಲೆಯವರನ್ನು ದೂರ ಇಡಬೇಡಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬರುತ್ತದೆ. ಆಗ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳದಿದ್ದರೂ ದರಕಿಗೆ ಹೋಗಿದ್ದೆ, ದನ ಮೇಯಿಸಲು ಹೋಗಿದ್ದೆ ಎಂದು ನೀವೇ ಹೇಳಿ.