ಹಳೇ ಕಾರ್ಡಿನ ಬೆನ್ನು ನೋಡಿ

"ಹಳೇ ಮಂಗಳೂರಿನ ಚಿತ್ರ ಇರುವ ಪೋಸ್ಟ್ ಕಾರ್ಡ್ ಉಂಟಾ?" ನಮ್ಮ ಲೈಬ್ರರಿಯ ಕೌಂಟರಿನಲ್ಲಿ ಆಗಾಗ ಕೇಳಿಬರುವ ಪ್ರಶ್ನೆ ಇದು. ಪಿಎಚ್‌ಡಿ ಮಾಡುವವರು ಕೇಳುತ್ತಾರೆ. ಹೋಟೆಲಿನ ಗೋಡೆಗೆ ದೊಡ್ಡ ಚಿತ್ರ ಬೇಕಾದವರು ಕೇಳುತ್ತಾರೆ. ಅಜ್ಜನ ಮನೆ ಇದ್ದ ಬೀದಿ ಹುಡುಕುವವರೂ ಬರುತ್ತಾರೆ. ಉಂಟು ಅಂತಲೇ ಹೇಳುತ್ತೇನೆ. ಆದರೆ "ಪೋಸ್ಟ್ ಕಾರ್ಡ್" ಎಂದು ಚೀಟಿ ಅಂಟಿಸಿದ ಪೆಟ್ಟಿಗೆ ನಮ್ಮಲ್ಲಿಲ್ಲ.

ಕಾರ್ಡುಗಳು ಬೇರೆ ಕಾಗದಗಳ ನಡುವೆ ಕೂತಿರುತ್ತವೆ. ಒಬ್ಬ ವಕೀಲರ ಕಾಗದಪತ್ರ, ಒಬ್ಬ ಮೇಷ್ಟ್ರ ಡೈರಿ, ಒಂದು ಅಂಗಡಿಯ ಲೆಕ್ಕದ ಕಟ್ಟು, ಹೀಗೆ. ಕ್ಯಾಟಲಾಗಿನಲ್ಲಿ "ಪತ್ರ ವ್ಯವಹಾರ" ಅಂತ ಒಂದೇ ಸಾಲು ಇರುತ್ತದೆ. ಆ ಸಾಲಿನ ಹಿಂದೆ ನೂರಾರು ಕಾರ್ಡ್ ಇರಬಹುದು, ಒಂದೂ ಇಲ್ಲದಿರಬಹುದು. ಹಾಗಾಗಿ "ಪೋಸ್ಟ್ ಕಾರ್ಡ್" ಎಂದು ಹುಡುಕಿ ಏನೂ ಸಿಗಲಿಲ್ಲ ಎಂದು ವಾಪಸ್ ಹೋಗಬೇಡಿ. ಯಾರಿಗೆ ಕಾರ್ಡ್ ಬಂದಿರಬಹುದು ಅಂತ ಯೋಚಿಸಿ, ಆ ಮನುಷ್ಯರ ಹೆಸರಿನಲ್ಲಿ ಹುಡುಕಿ.

ಎಲ್ಲ ಚಿತ್ರದ ಕಾರ್ಡುಗಳನ್ನೂ ಒಂದೇ ಆಲ್ಬಂಗೆ ಹಾಕಿಬಿಡಿ, ನೋಡಲು ಸುಲಭ ಅಂತ ಸಲಹೆ ಕೊಡುವವರಿದ್ದಾರೆ. ನಾವು ಒಪ್ಪುವುದಿಲ್ಲ. ಯಾರ ಕಾಗದ ಯಾವ ಜೋಡಣೆಯಲ್ಲಿ ಬಂತೋ ಹಾಗೇ ಇಡಬೇಕು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಕಾರಣ ಇದೆ. ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯ ಚಿತ್ರ ಇರುವ ಕಾರ್ಡೊಂದು ಸುಮ್ನೆ ಬಿಡಿಯಾಗಿ ಸಿಕ್ಕಿದರೆ ಅದೊಂದು ಚಂದದ ಚಿತ್ರ, ಅಷ್ಟೇ. ಅದೇ ಕಾರ್ಡು ಹಂಚು ತರಿಸಿಕೊಳ್ಳುತ್ತಿದ್ದ ವ್ಯಾಪಾರಿಯ ಬಿಲ್ಲುಗಳ ಮಧ್ಯೆ ಸಿಕ್ಕಿದರೆ ಕಥೆಯೇ ಬೇರೆ. ಯಾರು ಕಳಿಸಿದರು, ಯಾಕೆ ಎತ್ತಿಟ್ಟರು ಎಂದು ಪಕ್ಕದ ಕಾಗದಗಳು ಹೇಳುತ್ತವೆ.

ಹುಡುಕುವಾಗ ಊರಿನ ಹೆಸರಿನ ಸ್ಪೆಲಿಂಗ್ ಬದಲಿಸಿ ಬದಲಿಸಿ ನೋಡಬೇಕು. ಇಂಗ್ಲಿಷ್ ಕ್ಯಾಟಲಾಗಿನಲ್ಲಿ ಮಂಗಳೂರು "ಮ್ಯಾಂಗಲೋರ್", ಜರ್ಮನ್ ಕಾಗದಗಳಲ್ಲಿ "ಮಂಗಲೂರ್". ಉಡುಪಿ ಬಹಳ ಕಡೆ "ಉಡಿಪಿ" ಆಗಿದೆ, ಕುಂದಾಪುರ "ಕೂಂಡಾಪೂರ್". ಜಿಲ್ಲೆಯ ಹೆಸರು "ಸೌತ್ ಕೆನರಾ", ಅದೂ ಮದ್ರಾಸ್ ಪ್ರೆಸಿಡೆನ್ಸಿಯ ಅಡಿಯಲ್ಲಿ. ಜರ್ಮನ್ ಯಾಕೆಂದರೆ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದವರು, ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದವರು. ಅವರ ಕಾಗದ, ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆ ಸಂಗ್ರಹದಲ್ಲಿವೆ. ಚಿತ್ರಗಳಲ್ಲಿ ದೊಡ್ಡ ಪಾಲನ್ನು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ನೋಡಬಹುದು. ಇಲ್ಲಿ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೂ ಮಿಷನ್ ಕಾಲದ ದಾಖಲೆಗಳಿವೆ. ಎರಡೂ ಕಡೆ ಹುಡುಕುವವರು ಒಂದು ವಿಷಯಕ್ಕೆ ತಯಾರಾಗಿರಿ: ಆ ಕಾಲದ ಜರ್ಮನ್ ಕೈಬರಹ ಈಗ ಜರ್ಮನ್ ಕಲಿತವರಿಗೂ ಸಲೀಸಾಗಿ ಓದಲು ಬರುವುದಿಲ್ಲ. ಕುರೆಂಟ್ ಎನ್ನುವ ಆ ಲಿಪಿಯ ಅಕ್ಷರಗಳೇ ಬೇರೆ.

ಈಗ ಕಾರ್ಡು ಕೈಗೆ ಬಂತು ಅಂತಿಟ್ಟುಕೊಳ್ಳಿ. ಎಲ್ಲರ ಕಣ್ಣೂ ಮೊದಲು ಹೋಗುವುದು ಚಿತ್ರದ ಕಡೆಗೆ. ನಾನು ಕಾರ್ಡನ್ನು ತಿರುಗಿಸಿಡುತ್ತೇನೆ.

ಹಿಂಬದಿಯಲ್ಲಿ ನಡುವೆ ಗೆರೆ ಇದೆಯಾ ನೋಡಿ. ಮೊದಮೊದಲ ಚಿತ್ರದ ಕಾರ್ಡುಗಳಲ್ಲಿ ಆ ಬದಿ ಇದ್ದದ್ದು ವಿಳಾಸಕ್ಕೆ ಮಾತ್ರ. ಹೇಳಬೇಕಾದ್ದನ್ನು ಚಿತ್ರದ ಪಕ್ಕದ ಖಾಲಿ ಜಾಗದಲ್ಲೇ ಗೀಚಬೇಕಿತ್ತು. ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎನ್ನುವ ಪದ್ಧತಿಗೆ ಬ್ರಿಟನ್ 1902ರಲ್ಲಿ ಒಪ್ಪಿತು, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಗೆರೆ ಇರುವ ಕಾರ್ಡನ್ನು ತೋರಿಸಿ "1890ರಲ್ಲಿ ಅಚ್ಚಾದ ಕಾರ್ಡು" ಅಂತ ವಾಟ್ಸಾಪಿನಲ್ಲಿ ಯಾರಾದರೂ ಕಳಿಸಿದರೆ ನಂಬಬೇಡಿ.

ಆಮೇಲೆ ಸ್ಟಾಂಪು. ಎಡ್ವರ್ಡ್ ದೊರೆಯ ಮುಖ ಇರುವ ಸ್ಟಾಂಪ್ ಇಲ್ಲಿ ಬಂದದ್ದು 1902ರಲ್ಲಿ, ಐದನೇ ಜಾರ್ಜ್ ಬಂದದ್ದು 1911ರಲ್ಲಿ. ಎಷ್ಟೋ ಕಾರ್ಡುಗಳಲ್ಲಿ ಸ್ಟಾಂಪೇ ಇರುವುದಿಲ್ಲ, ಸಂಗ್ರಹ ಮಾಡುವ ಹವ್ಯಾಸದವರು ನೀರು ತಾಗಿಸಿ ಎಬ್ಬಿಸಿರುತ್ತಾರೆ. ಅದರ ಜೊತೆ ಅಂಚೆ ಮುದ್ರೆಯ ಅರ್ಧವೂ ಹೋಗಿರುತ್ತದೆ. ಒಮ್ಮೆ ಅಂಥ ಕಾರ್ಡಿನಲ್ಲಿ ಉಳಿದದ್ದು ಮುದ್ರೆಯ ಅರ್ಧ ಬಳೆ, "ಲೋರ್" ಎಂಬ ಕೊನೆಯ ಅಕ್ಷರಗಳು, ಮತ್ತು ಒಂದು ತಿಂಗಳ ಹೆಸರು. ಲೋರ್ ಅಂದರೆ ಮಂಗಳೂರೇ ಆಗಬೇಕಾಗಿಲ್ಲ, ಬೆಂಗಳೂರೂ ಆಗಬಹುದು, ನೆಲ್ಲೂರೂ ಆಗಬಹುದು. ಟೇಬಲ್ ಲ್ಯಾಂಪನ್ನು ಕಾರ್ಡಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟೆವು. ಸ್ಟಾಂಪ್ ಇದ್ದ ಜಾಗದಲ್ಲಿ ಕಬ್ಬಿಣದ ಮುದ್ರೆ ಒತ್ತಿದ ತಗ್ಗು ಎದ್ದು ಕಂಡಿತು. ಮಸಿ ಹೋಗಿತ್ತು, ಪೆಟ್ಟು ಉಳಿದಿತ್ತು. "ಮ್ಯಾಂಗ" ಎನ್ನುವಷ್ಟು ಓದಲು ಬಂತು. ಈ ಉಪಾಯಕ್ಕೆ ಕಾಸು ಖರ್ಚಿಲ್ಲ, ಪೆನ್ಸಿಲ್ ಬರಹ ಮಾಸಿದ್ದರೂ ಇದೇ ಸಾಕು.

ಒಂದು ಎಚ್ಚರ ಬೇಕು. ಮುದ್ರೆಯ ತಾರೀಕು ಕಾರ್ಡು ಅಂಚೆಗೆ ಬಿದ್ದ ದಿನ, ಚಿತ್ರ ತೆಗೆದ ದಿನ ಅಲ್ಲ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಡನ್ನೂ ಜನ ಕೊಂಡು ಬರೆಯುತ್ತಿದ್ದರು. ಅಚ್ಚು ಹಾಕುವವರೂ ಹಳೇ ಫೋಟೋವನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಆಗ ಚಿತ್ರದೊಳಗೇ ಗುರುತು ಹುಡುಕಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನೇತ್ರಾವತಿಗೆ ಅಡ್ಡ ರೈಲು ಸೇತುವೆ ಕಂಡರೆ ಅದಕ್ಕೆ ತೀರಾ ಹಿಂದೆ ಹೋಗುವಂತಿಲ್ಲ.

ಬಣ್ಣವನ್ನಂತೂ ನಂಬಲೇಬೇಡಿ. ಆ ಕಾಲದ ಬಣ್ಣದ ಕಾರ್ಡುಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪು ಫೋಟೋಗೆ ಅಚ್ಚಿನಲ್ಲಿ ಬಣ್ಣ ಕೂಡಿಸಿದವು. ಮೊದಲ ಮಹಾಯುದ್ಧದ ತನಕ ಜರ್ಮನಿಯಲ್ಲಿ ಈ ಕೆಲಸ ಜೋರಾಗಿ ನಡೆಯುತ್ತಿತ್ತು. ಬಣ್ಣ ಹಾಕುವವರು ನಮ್ಮ ಊರನ್ನು ನೋಡಿದವರಲ್ಲ. ಹಂಚಿನ ಊರಿನ ಮಾಡಿಗೇ ನೀಲಿ ಬಣ್ಣ ಬಳಿದ ಕಾರ್ಡೊಂದನ್ನು ನಾನು ನೋಡಿದ್ದೇನೆ! ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದರೆ ಅಚ್ಚಿನ ಬಗೆ ತಿಳಿಯುತ್ತದೆ. ಸಾಲು ಸಾಲು ಚುಕ್ಕೆ ಕಂಡರೆ ಪತ್ರಿಕೆಯ ಚಿತ್ರದಂತೆ ಬ್ಲಾಕಿನ ಅಚ್ಚು. ಚುಕ್ಕೆಯೇ ಇಲ್ಲದೆ ನುಣ್ಣಗಿದ್ದು, ಕಪ್ಪು ಭಾಗದ ಅಂಚಿನಲ್ಲಿ ಬೆಳ್ಳಿಯ ಹೊಳಪು ಎದ್ದಿದ್ದರೆ ಅದು ನಿಜವಾದ ಫೋಟೋವನ್ನೇ ಕಾರ್ಡಿನ ಕಾಗದದ ಮೇಲೆ ತೆಗೆದದ್ದು. ಅಂಥದ್ದು ಸಾಮಾನ್ಯವಾಗಿ ಕೆಲವೇ ಪ್ರತಿ ಇರುತ್ತದೆ. ಸಿಕ್ಕಿದರೆ ದಯವಿಟ್ಟು ಬೆರಳು ತಾಗಿಸಬೇಡಿ, ಅಂಚು ಹಿಡಿಯಿರಿ.

ಚಿತ್ರವೇ ಇಲ್ಲದ ಸಾದಾ ಕಾರ್ಡನ್ನು ಬಹಳ ಜನ ಪಕ್ಕಕ್ಕೆ ತಳ್ಳುತ್ತಾರೆ. ನನಗೆ ಅವೇ ಜಾಸ್ತಿ ಇಷ್ಟ. ಸರ್ಕಾರದ ಕಾಲಾಣೆ ಕಾರ್ಡು ನಮ್ಮಲ್ಲಿ ಶುರುವಾದದ್ದು 1879ರ ಜುಲೈ 1ರಂದು. 1922ರಲ್ಲಿ ಬೆಲೆ ಅರ್ಧಾಣೆಗೆ ಏರಿತು. ನಮ್ಮ ಕಡೆಯ ಕಾರ್ಡುಗಳಲ್ಲಿ ನಡುವೆ ಒಂದು ತೂತು, ಸುತ್ತ ತುಕ್ಕಿನ ಕಲೆ ಇರುವುದು ಸಾಮಾನ್ಯ. ಓದಿದ ಮೇಲೆ ತಂತಿಗೆ ಸಿಕ್ಕಿಸಿ ಇಡುತ್ತಿದ್ದರಲ್ವಾ, ಅದರ ಗುರುತು. ತಂತಿಯಲ್ಲಿ ಕೆಳಗಿದ್ದದ್ದು ಹಳೆಯದು, ಮೇಲಿದ್ದದ್ದು ಹೊಸದು. ತಾರೀಕು ಅಳಿಸಿದ ಕಾರ್ಡಿನ ಕಾಲವನ್ನು ಆಚೀಚೆಯ ಕಾರ್ಡುಗಳಿಂದ ಅಂದಾಜು ಮಾಡಬಹುದು, ಕಟ್ಟು ಕದಡದೆ ಬಂದಿದ್ದರೆ. ವಿಳಾಸವೂ ಸಾಕ್ಷಿ ಹೇಳುತ್ತದೆ. "ಕಾಸರಗೋಡು, ಸೌತ್ ಕೆನರಾ" ಎಂದಿದ್ದರೆ ಹೆಚ್ಚಾಗಿ 1956ಕ್ಕಿಂತ ಹಿಂದಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.

ಪ್ರಕಟಿಸುವ ಯೋಚನೆ ಇದ್ದವರು ಇಷ್ಟು ತಿಳಿದಿರಲಿ. ಪತ್ರ ಪಡೆದವರ ಮನೆಯಲ್ಲಿ ಕಾರ್ಡು ಇರಬಹುದು, ಬರಹದ ಹಕ್ಕು ಮಾತ್ರ ಬರೆದವರದ್ದು, ಅವರ ನಂತರ ವಾರಸುದಾರರದ್ದು. ಪ್ರಕಟವಾದ ಫೋಟೋದ ಹಕ್ಕು ಮೊದಲು ಪ್ರಕಟಣೆಯಿಂದ 60 ವರ್ಷ ಇತ್ತು, 2012ರ ತಿದ್ದುಪಡಿಯ ನಂತರ ಫೋಟೋ ತೆಗೆದವರು ತೀರಿಕೊಂಡ ಮೇಲೆ 60 ವರ್ಷದ ತನಕ ಇರುತ್ತದೆ. ಫೋಟೋ ತೆಗೆದುಕೊಳ್ಳುವಾಗ ಎರಡೂ ಬದಿ ತೆಗೆಯಿರಿ. ಪೆಟ್ಟಿಗೆಯ ನಂಬರ್, ಫೋಲ್ಡರಿನ ನಂಬರ್ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಪೆನ್ನು ನಮ್ಮ ಮೇಜಿನ ಹತ್ತಿರ ಬರುವಂತಿಲ್ಲ.

ಮನೆಯ ಅಟ್ಟದಲ್ಲಿ ಹಳೇ ಕಾರ್ಡಿನ ಕಟ್ಟು ಇರುವವರು ಅದನ್ನು ಬಿಡಿಸಿ, ವರ್ಷವಾರು ಜೋಡಿಸಿ, ಲ್ಯಾಮಿನೇಶನ್ ಮಾಡಿಸಿ ತರುತ್ತಾರೆ. ಪ್ರೀತಿಯಿಂದಲೇ ಮಾಡಿರುತ್ತಾರೆ, ಬೇಡ ಅನ್ನಲು ನಮಗೆ ಸಂಕೋಚ. ಲ್ಯಾಮಿನೇಶನ್ ಬಿಡಿಸಲು ಹೋದರೆ ಕಾಗದವೂ ಜೊತೆಗೆ ಬರುತ್ತದೆ. ಇದ್ದ ಹಾಗೇ, ಇದ್ದ ದಾರದಲ್ಲೇ ತನ್ನಿ. ಯಾರ ಮನೆಯದ್ದು, ಯಾವ ಪೆಟ್ಟಿಗೆಯಲ್ಲಿತ್ತು ಎಂದು ಬೇರೆ ಚೀಟಿಯಲ್ಲಿ ಬರೆದು ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಬೇಡ. ನಮ್ಮ ಮಳೆಗೆ ದಾರಿಯಲ್ಲೇ ಕಾಗದ ತೇವ ಹೀರುತ್ತದೆ, ಬೂಸ್ಟು ಹಿಡಿದ ಒಂದು ಕಟ್ಟು ಒಳಗೆ ಬಂದರೆ ಪಕ್ಕದ ಪೆಟ್ಟಿಗೆಗೂ ಹರಡುತ್ತದೆ. ದೀಪಾವಳಿ ಕಳೆದ ಮೇಲೆ, ಬಿಸಿಲು ಚೆನ್ನಾಗಿ ಬಿದ್ದ ದಿನ ಬನ್ನಿ.