ಕೋರ್ಟಿನ ಕಾಗದದಲ್ಲಿ ‘ಕಾಂಕ್ಯುಬೈನ್’ ಅಂತಿದೆ, ನಮ್ಮ ಮುತ್ತಜ್ಜಿಗೆ ಮದುವೆ ಆಗಿರಲಿಲ್ವಾ?

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಅಳಿಯಕಟ್ಟಿನ ಮನೆ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವವರು. ಆಸ್ತಿ ವ್ಯಾಜ್ಯದ ಹಳೇ ಇಂಗ್ಲಿಷ್ ತೀರ್ಪೊಂದು ಸಿಕ್ಕಿದೆ. ಅದರಲ್ಲಿ ಮುತ್ತಜ್ಜಿಯನ್ನು ‘ಕಾಂಕ್ಯುಬೈನ್’ ಅಂದಿದ್ದಾರೆ. ಅಮ್ಮನಿಗೆ ಹೇಗೆ ಹೇಳಲಿ?

ಉತ್ತರ: ಮದುವೆ ಆಗಿರಬಹುದು, ಅದೂ ಊರವರೆದುರು. ಆ ಒಂದು ಶಬ್ದ ನೋಡಿ ತೀರ್ಮಾನಕ್ಕೆ ಬರಬೇಡಿ.

ಶಬ್ದ ಲ್ಯಾಟಿನ್ನಿನದು. ‘ಜೊತೆಗೆ ಮಲಗುವವಳು’ ಎಂದು ಅದರ ಮೂಲ ಅರ್ಥ. ಮದುವೆಯಾಗದೆ ಒಬ್ಬ ಗಂಡಸಿನ ಜೊತೆ ಸಂಸಾರ ಮಾಡುವವಳು ಅಂತ ಬಳಕೆ. ಕನ್ನಡ ಬೈಬಲಿನಲ್ಲಿ ಇದು ‘ಉಪಪತ್ನಿ’. ಅದರಲ್ಲಿ ಬರುವ ಅರಸ ಸೊಲೊಮೋನನಿಗೆ 700 ಪತ್ನಿಯರು, 300 ಉಪಪತ್ನಿಯರು. ಆಡುಮಾತಿನಲ್ಲಿ ‘ಇಟ್ಟುಕೊಂಡವಳು’ ಅಂತಾರೆ. ಪಾತ್ರೆ ಪಗಡಿ ಇಟ್ಟುಕೊಂಡ ಹಾಗೆ! ನನಗಂತೂ ಕೇಳಲಿಕ್ಕೇ ಆಗುವುದಿಲ್ಲ.

ಹಾಗಂತ ಅಂಥವಳಿಗೆ ಹಕ್ಕೇ ಇರಲಿಲ್ಲ ಎಂದಲ್ಲ. ಕಲ್ಯಾಣದ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಹಳೇ ಹಿಂದೂ ಕಾನೂನಿನ ಗ್ರಂಥದಲ್ಲಿ ‘ಅವರುದ್ಧ ಸ್ತ್ರೀ’ಯ ಮಾತು ಬರುತ್ತದೆ. ಅಂದರೆ ಒಬ್ಬನ ಆಶ್ರಯದಲ್ಲೇ ಇದ್ದವಳು. ಕೊನೆಯವರೆಗೂ ಅವನ ಜೊತೆ ಬಾಳಿದ್ದರೆ, ಅವನು ತೀರಿಕೊಂಡ ಮೇಲೆ ಅವನ ಆಸ್ತಿಯಿಂದ ಜೀವನಾಂಶ ಕೊಡಬೇಕು ಅಂತ ಬ್ರಿಟಿಷರ ಕಾಲದ ಕೋರ್ಟುಗಳೂ ಒಪ್ಪಿದ್ದವು.

ನಿಮ್ಮ ಮನೆಯ ಕಥೆ ಇದಕ್ಕಿಂತ ಬೇರೆ ಇರಬೇಕು. ಅಳಿಯಕಟ್ಟಿನಲ್ಲಿ ಮದುವೆ ಅಂದರೆ ಧಾರೆ. ಮದುಮಗಳ ಕೈ, ಮದುಮಗನ ಕೈ ಸೇರಿಸಿ ಹಿರಿಯರು ಗಿಂಡಿಯಿಂದ ನೀರು ಎರೆಯುತ್ತಾರೆ. ನೆಂಟರು, ಊರವರು ಸುತ್ತ ನಿಂತು ನೋಡುತ್ತಾರೆ. ಅಲ್ಲಿಗೆ ಅವರು ಗಂಡ ಹೆಂಡತಿ. ಆದರೆ ಮಕ್ಕಳು ತಾಯಿಯ ಕುಟುಂಬದವರು. ಆಸ್ತಿಯೂ ಆಗ ತಾಯಿ ಕಡೆಯಿಂದಲೇ ಇಳಿಯುತ್ತಿತ್ತು. ಹೆಂಡತಿ ಮಕ್ಕಳನ್ನು ಸಾಕುವ ಕಾನೂನು ಹೊಣೆ ಗಂಡನ ಮೇಲೆ ಇರಲಿಲ್ಲ. ಸಂಬಂಧ ಸರಿಬರದಿದ್ದರೆ ಕೋರ್ಟು ಹತ್ತದೆಯೇ ಬಿಡಬಹುದಿತ್ತು.

ಬ್ರಿಟಿಷರ ಕಾಲದಲ್ಲಿ ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿನ ನ್ಯಾಯಾಧೀಶರಿಗೆ ಗೊತ್ತಿದ್ದದ್ದು ಗಂಡನ ಮನೆಗೆ ಹೋಗುವ ಹೆಂಡತಿ, ಗಂಡನ ಹೊಣೆ, ಗಂಡನ ಆಸ್ತಿ. ಆ ಅಳತೆಗೆ ನಮ್ಮ ಮದುವೆ ಸಿಗಲಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಇದು ಮದುವೆಯೇ ಅಲ್ಲ ಅಂದುಬಿಟ್ಟರು, ‘ಕಾಂಕ್ಯುಬೈನ್’ ಶಬ್ದ ಬಂದು ಕೂತಿತು. ತಾಯಿಮನೆಯಲ್ಲಿ ತಲೆಯೆತ್ತಿ ಬಾಳಿದ ಹೆಂಗಸರಿಗೆ ಎಂಥಾ ಹೆಸರು, ಅಲ್ವಾ? ಇಂಥ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1949ರ ಅಳಿಯಸಂತಾನ (ಅಳಿಯಕಟ್ಟಿನ ಇನ್ನೊಂದು ಹೆಸರು) ಕಾಯ್ದೆಯಿಂದ.

2023ರಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗಾಗಿ ಒಂದು ಕೈಪಿಡಿ ತಂದಿತು. ಹೆಂಗಸರ ಬಗ್ಗೆ ಬಳಸಬಾರದ ಶಬ್ದಗಳ ಪಟ್ಟಿಯಲ್ಲಿ ‘ಕಾಂಕ್ಯುಬೈನ್’ ಕೂಡ ಇದೆ.

ಈಗ ಮಾಡಬೇಕಾದ್ದು ಇಷ್ಟು. ತೀರ್ಪಿನ ಇಸವಿ ನೋಡಿ. 1949ಕ್ಕಿಂತ ಹಿಂದಿನದಾದರೆ ಮನೆಯ ಹಿರಿಯರನ್ನು ಕೇಳಿ: ಮುತ್ತಜ್ಜಿಗೆ ಧಾರೆ ಆಗಿತ್ತಾ? ಹೌದು ಅಂದರೆ, ಅಮ್ಮನಿಗೆ ಧೈರ್ಯವಾಗಿ ಹೇಳಿ. ವಂಶಾವಳಿಯಲ್ಲೂ ‘ಹೆಂಡತಿ’ ಅಂತಲೇ ಬರೆಯಿರಿ.