ಮಿಷಿಗನ್ ಸರೋವರದ ದಡದಲ್ಲಿ ಬೇಸಿಗೆಯ ಕೋಲ್ಡ್ ಫ್ರಂಟ್: ಮಳೆ ಬಂದಿದ್ದಕ್ಕೇ ತಂಪಾಯಿತಾ?

ಹವಾಮಾನದ ಪಾಠದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಅಧ್ಯಾಯ. ಈ ವಾರ ಕೊನೆಗೂ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಉದಾಹರಣೆಗೆ ನಾನಿರುವ ಮಿಲ್ವಾಕಿಯನ್ನೇ ತೆಗೆದುಕೊಳ್ಳುತ್ತೇನೆ. ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಪಶ್ಚಿಮ ದಡದಲ್ಲಿರುವ ಊರು. ಸರೋವರ ಅಂದ ಕೂಡಲೇ ನಮ್ಮೂರ ಕೆರೆ ನೆನೆಸಿಕೊಳ್ಳಬೇಡಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 490 ಕಿ.ಮೀ. ಉದ್ದ. ಅಗಲ ಇರುವ ಕಡೆ 190 ಕಿ.ಮೀ. ದಡದಲ್ಲಿ ನಿಂತರೆ ಆಚೆ ದಡ ಕಾಣುವುದೇ ಇಲ್ಲ. ಈ ಉತ್ತರ-ದಕ್ಷಿಣದ ಉದ್ದ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಫ್ರಂಟ್ ಅಂದರೆ

ಬೇರೆ ಬೇರೆ ಗುಣದ ಎರಡು ಗಾಳಿರಾಶಿಗಳ ನಡುವಿನ ಗಡಿ. ಮೊದಲನೇ ಮಹಾಯುದ್ಧದ ಕಾಲದಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ವಿಲ್‌ಹೆಲ್ಮ್ ಬ್ಯರ್ಕ್‌ನೆಸ್ ಮತ್ತು ಅವರ ಮಗ ಯಾಕೋಬ್ ಇದ್ದ ತಂಡ ಈ ಗಡಿಯನ್ನು ಗುರುತಿಸಿತು. ಹೆಸರು ತಂದಿದ್ದು ಯುದ್ಧರಂಗದಿಂದ. ತಣ್ಣನೆಯ ಗಾಳಿ ಮುನ್ನುಗ್ಗಿ ಬರುವ ಗಡಿಯೇ ಕೋಲ್ಡ್ ಫ್ರಂಟ್. ನಕ್ಷೆಯಲ್ಲಿ ಅದು ನೀಲಿ ಗೆರೆ, ಅದರ ಮೇಲೆ ತ್ರಿಕೋನಗಳು. ತ್ರಿಕೋನದ ಮೂತಿ ಯಾವ ಕಡೆಗಿದೆಯೋ ಫ್ರಂಟ್ ಆ ಕಡೆ ಹೋಗುತ್ತದೆ.

ಬೇಸಿಗೆಯಲ್ಲಿ ಮೆಕ್ಸಿಕೋ ಕೊಲ್ಲಿ ಕಡೆಯ ಬಿಸಿ, ತೇವದ ಗಾಳಿ ಇಲ್ಲಿಯವರೆಗೆ ಬಂದು ಕೂತಿರುತ್ತದೆ. ಕೆನಡಾ ಕಡೆಯಿಂದ ತಣ್ಣನೆಯ ಒಣ ಗಾಳಿ ಬಂದು ಅದರ ಅಡಿಗೆ ನುಗ್ಗುತ್ತದೆ. ಬಿಸಿ ಗಾಳಿ ಮೇಲಕ್ಕೆ ಏರಿ ತಣ್ಣಗಾಗುತ್ತದೆ. ಮೋಡ ಕಟ್ಟುತ್ತದೆ, ಗುಡುಗು ಮಳೆ ಬರುತ್ತದೆ. ಇಷ್ಟು ಎಲ್ಲರಿಗೂ ಸುಲಭ.

ನಾನು ಎಡವಿದ ಜಾಗ

ಮನೆಕೆಲಸದಲ್ಲಿ ಒಂದು ಪ್ರಶ್ನೆ ಇತ್ತು: ‘ಒಂದು ಹನಿ ಮಳೆಯೂ ಬೀಳದೆ ಕೋಲ್ಡ್ ಫ್ರಂಟ್ ದಾಟಿ ಹೋದರೆ ಊರು ತಂಪಾಗುತ್ತದೆಯೇ?’ ನಾನು ‘ಇಲ್ಲ’ ಎಂದು ಬರೆದೆ. ತಪ್ಪು.

ಯಾಕೆ ತಪ್ಪಿದೆ ಅಂತ ಯೋಚಿಸಿದಾಗ ನೆನಪಾಗಿದ್ದು ದಾವಣಗೆರೆಯ ಏಪ್ರಿಲ್. ಮಧ್ಯಾಹ್ನ ಧಗೆ, ಸಂಜೆ ಗುಡುಗು ಮಳೆ, ರಾತ್ರಿ ಹಾಯಾದ ತಂಪು. ಮರುದಿನ ಹನ್ನೊಂದು ಗಂಟೆಗೆಲ್ಲ ಮತ್ತೆ ಸೆಕೆ, ಕೆಲವೊಮ್ಮೆ ಮೊದಲಿಗಿಂತ ಜಾಸ್ತಿ. ಅಲ್ಲಿ ಫ್ರಂಟ್ ಇರುವುದಿಲ್ಲ. ನೆಲ ಕಾದು ಗಾಳಿ ಏರುತ್ತದೆ, ಮಳೆ ಸುರಿಯುತ್ತದೆ, ಹನಿಗಳು ಆರುವಾಗ ಸ್ವಲ್ಪ ತಂಪು ಸಿಗುತ್ತದೆ. ಆದರೆ ಊರಿನ ಮೇಲಿರುವುದು ಅದೇ ಗಾಳಿ.

ಮಿಲ್ವಾಕಿಯಲ್ಲಿ ಗಾಳಿಯೇ ಬದಲಾಗುತ್ತದೆ. ಹಳೆಯದನ್ನು ತಳ್ಳಿ ಹೊಸದು ಬಂದು ಕೂರುತ್ತದೆ. ಅದಕ್ಕೇ ತಂಪು ಒಂದು ರಾತ್ರಿಗೆ ಮುಗಿಯದೆ ಎರಡು ಮೂರು ದಿನ ಇರುತ್ತದೆ. ಮಳೆ ಆ ಅದಲುಬದಲಿನ ಹೊತ್ತಿನಲ್ಲಿ ಬಂದು ಹೋಗುವ ಸಂಗತಿ ಅಷ್ಟೇ.

ಗಾಳಿ ಬದಲಾಯಿತು ಅಂತ ಗೊತ್ತಾಗುವುದು ಹೇಗೆ? ನಾನು ಸಾಪೇಕ್ಷ ಆರ್ದ್ರತೆ (ಆ ತಾಪದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಈಗ ಇದೆ ಅನ್ನುವ ಲೆಕ್ಕ) ನೋಡಿ ಮತ್ತೆ ದಾರಿ ತಪ್ಪಿದೆ. ದಯವಿಟ್ಟು ಈ ಲೆಕ್ಕ ನಿಧಾನವಾಗಿ ಮಾಡಿ ನೋಡಿ.

ಫ್ರಂಟ್‌ಗೆ ಮೊದಲು: ತಾಪ 32 ಡಿಗ್ರಿ ಸೆಲ್ಸಿಯಸ್, ಇಬ್ಬನಿ ಬಿಂದು (ಗಾಳಿ ತಣ್ಣಗಾಗುತ್ತಾ ಹೋದರೆ ಇಬ್ಬನಿ ಕಟ್ಟಲು ಶುರುವಾಗುವ ತಾಪ) 22. ಸಾಪೇಕ್ಷ ಆರ್ದ್ರತೆ ಸುಮಾರು 55 ಶೇಕಡಾ.

ಫ್ರಂಟ್ ದಾಟಿದ ಮೇಲೆ: ತಾಪ 20, ಇಬ್ಬನಿ ಬಿಂದು 12. ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡಾ.

ಶೇಕಡಾ ಏರಿದೆ, ಅಲ್ವಾ? ಹಾಗಾದರೆ ಗಾಳಿ ಇನ್ನೂ ಒದ್ದೆಯಾಯಿತು ಅಂದುಕೊಂಡೆ. ಆದರೆ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿ ತೂಗಿದರೆ, ಮೊದಲು ಸುಮಾರು 19 ಗ್ರಾಂ, ಆಮೇಲೆ 10 ಗ್ರಾಂ. ಹತ್ತಿರ ಹತ್ತಿರ ಅರ್ಧ! ತಣ್ಣನೆಯ ಗಾಳಿಯಲ್ಲಿ ಸ್ವಲ್ಪ ಆವಿ ಇದ್ದರೂ ಶೇಕಡಾ ಜಾಸ್ತಿ ತೋರಿಸುತ್ತದೆ. ಚಿಕ್ಕ ಲೋಟ ಬೇಗ ತುಂಬಿದ ಹಾಗೆ. ಇಬ್ಬನಿ ಬಿಂದು ಮಾತ್ರ ಒಳಗೆ ನಿಜವಾಗಿ ಎಷ್ಟು ನೀರಿದೆ ಅಂತ ಹೇಳುತ್ತದೆ. ಮರುದಿನ ಬಿಸಿಲು ಬಂದು ತಾಪ 27ಕ್ಕೆ ಏರಿದರೂ ಇಬ್ಬನಿ ಬಿಂದು 12ರ ಹತ್ತಿರ ಇದ್ದರೆ ಬೆವರು ಬೇಗ ಆರುತ್ತದೆ, ಮೈ ಹಗುರ ಅನಿಸುತ್ತದೆ.

ಈಗ ನಾನು ಮೂರೇ ಸಂಗತಿ ನೋಡುತ್ತೇನೆ. ಗಾಳಿ ನೈಋತ್ಯದಿಂದ ವಾಯವ್ಯಕ್ಕೋ ಉತ್ತರಕ್ಕೋ ತಿರುಗಿತಾ? ಇಬ್ಬನಿ ಬಿಂದು ಇಳಿಯಿತಾ? ಇಳಿಯುತ್ತಿದ್ದ ಒತ್ತಡ ಏರಲು ಶುರುವಾಯಿತಾ? ಮೂರೂ ಹೌದಾದರೆ ಫ್ರಂಟ್ ದಾಟಿದೆ. ಮಳೆಯ ಕಾಲಂ ನೋಡುವುದನ್ನೇ ಬಿಟ್ಟಿದ್ದೇನೆ.

ಸರೋವರ ಏನು ಮಾಡುತ್ತದೆ

ವಸಂತದ ಕೊನೆ, ಬೇಸಿಗೆಯ ಮೊದಲ ದಿನಗಳಲ್ಲಿ ನೀರು ಇನ್ನೂ ತುಂಬಾ ತಣ್ಣಗಿರುತ್ತದೆ. ಆಗ ಫ್ರಂಟ್ ನೀರಿನ ಮೇಲಿನಿಂದ ಈಶಾನ್ಯದ ಗಾಳಿ ಹೊತ್ತು ದಡಕ್ಕೆ ಬಂದರೆ ತಾಪ ಧಡಕ್ಕನೆ ಬೀಳುತ್ತದೆ. ಒಂದು ಗಂಟೆಯಲ್ಲಿ 16 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 9 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಇಲ್ಲಿಯವರು ‘ನ್ಯುಮೋನಿಯಾ ಫ್ರಂಟ್’ ಅನ್ನುತ್ತಾರೆ. ಅರ್ಧ ತೋಳಿನ ಅಂಗಿಯಲ್ಲಿ ಹೋದವರು ನಡುಗುತ್ತಾ ವಾಪಸ್ ಬರುತ್ತಾರೆ.

ಫ್ರಂಟ್ ದಾಟಿದ ಮೇಲೆ ಬೀಸುವ ಉತ್ತರದ ಗಾಳಿಗೆ ಸರೋವರದ ಇಡೀ ಉದ್ದ ಸಿಗುವುದರಿಂದ ದಕ್ಷಿಣ ತುದಿಯ ಇಂಡಿಯಾನಾ ದಡದಲ್ಲಿ ಅಲೆಗಳು ದೊಡ್ಡದಾಗುತ್ತವೆ. ಆಗ ಆಕಾಶ ತಿಳಿಯಾಗಿರುತ್ತದೆ, ಬಿಸಿಲಿರುತ್ತದೆ. ಅದನ್ನು ನಂಬಿ ನೀರಿಗೆ ಇಳಿಯುವುದು ನಿಜಕ್ಕೂ ಅಪಾಯ. ಗುಡುಗು ಮಳೆಯ ಸಾಲು ದಾಟಿದ ಮೇಲೂ ಸರೋವರ ತಕ್ಷಣ ಶಾಂತವಾಗುವುದಿಲ್ಲ. 1954ರ ಜೂನ್ 26ರಂದು ಶಿಕಾಗೋದಲ್ಲಿ ಅಂಥ ಸಾಲು ಎಬ್ಬಿಸಿದ ಅಲೆ, ಆಚೆ ದಡಕ್ಕೆ ಬಡಿದು ಹಿಂದಿರುಗಿ ಬಂದು 8 ಜನರನ್ನು ಬಲಿ ತೆಗೆದುಕೊಂಡಿತು.

ಕೊನೆಯದು, ನನಗೆ ತುಂಬಾ ಇಷ್ಟವಾದದ್ದು. ಭೂಮಿ ತಿರುಗುವುದರಿಂದ, ಉತ್ತರ ಗೋಳಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತು ಬಲಗೈ ಚಾಚಿ. ಉತ್ತರದ ಗಾಳಿಯಾದರೆ ಕೈ ಪಶ್ಚಿಮ ತೋರಿಸುತ್ತದೆ. ಬೆಚ್ಚಗಿನ ನೀರು ನಮ್ಮ ಮಿಲ್ವಾಕಿ ಕಡೆ ಬರುತ್ತದೆ. ಆಚೆ ಮಿಷಿಗನ್ ರಾಜ್ಯದ ದಡದಲ್ಲಿ ಆಳದ ತಣ್ಣನೆ ನೀರು ಮೇಲೇಳುತ್ತದೆ. ಫ್ರಂಟ್‌ಗೆ ಮೊದಲು ಬೀಸುವ ದಕ್ಷಿಣದ ಗಾಳಿಗೆ ಇದೇ ಪರೀಕ್ಷೆ ಮಾಡಿದರೆ ಕೈ ಪೂರ್ವಕ್ಕೆ ಹೋಗುತ್ತದೆ. ಹಾಗಾಗಿ ಊರೆಲ್ಲ ಬೇಯುವ ದಿನಗಳಲ್ಲೇ ನಮ್ಮ ದಡದ ನೀರು ಕಾಲಿಡಲಾಗದಷ್ಟು ತಣ್ಣಗಿರುವುದುಂಟು. ಫ್ರಂಟ್ ದಾಟಿ ಗಾಳಿ ತಂಪಾದ ಮೇಲೆ ಇಲ್ಲಿ ನೀರು ಮೆಲ್ಲಗೆ ಬೆಚ್ಚಗಾಗುತ್ತದೆ.